ಎರಡು ಲೋಟ, ಮೂರು ಲೋಟ

ಗೆಳೆಯರೇ, ಇದು ಹೋರಾಟದ ಪೋಸ್ಟ್ ಅಲ್ಲ ಅಂತ ಕೆಲವರಿಗೆ ಅನ್ನಿಸಬಹುದು. ಗಂಡ ಹೆಂಡತಿ ಇಬ್ಬರು ಊಟಕ್ಕೆ ಎಲ್ಲಿಗೆ ಹೋಗಬೇಕು ಅಂತ ಒಂದು ತಿಂಗಳು ಚರ್ಚೆ ಮಾಡಿದ ಕಥೆ ಇದು. ಸ್ವಲ್ಪ ಉದ್ದ ಐತಿ. ಪೂರ್ತಿ ಓದಿ, ಆಮೇಲೆ ಬೈಯೋದಿದ್ರೆ ಬೈಯಿರಿ.

ನಮ್ಮ ಮದುವೆಗೆ 25 ವರ್ಷ ತುಂಬಿತು. ಬೆಂಗಳೂರಿನಲ್ಲಿ ಕೆಲಸಕ್ಕಿರೋ ಮಗಳು ಫೋನ್ ಮಾಡಿ, "ಅಪ್ಪಾ, ಈ ಸಲ ಅವ್ವನ್ನ ಡೇಟ್ ನೈಟ್‌ಗೆ ಕರ್ಕೊಂಡು ಹೋಗು, ಅರ್ಧ ಬಿಲ್ ನಂದು" ಅಂದಳು. ನಾನು ಆಫೀಸಿನಲ್ಲಿ ಕ್ಲಾರ್ಕ್. ಡೇಟ್ ಅಂದ್ರೆ ನನಗೆ ಫೈಲಿನ ಮೇಲೆ ಹಾಕೋ ಡೇಟು, ಇಲ್ಲಾಂದ್ರೆ ನಮ್ಮ ಹುಡುಗರ ಮೇಲಿನ ಕೇಸಿಗೆ ಕೋರ್ಟು ಕೊಡೋ ಡೇಟು. ಮಗಳು ನಕ್ಕು ಒಂದು ಫೋಟೋ ಕಳಿಸಿದಳು. ಬೆಂಗಳೂರಿನ ಫ್ರೆಂಚ್ ಶೈಲಿಯ ರೆಸ್ಟೋರೆಂಟ್. ಬಿಳಿ ಮೇಜುಬಟ್ಟೆ, ಸಣ್ಣ ದೀಪ, ಗೋಡೆ ತುಂಬ ವೈನ್ ಬಾಟಲಿ.

ಈ ವಿಷಯ ಗೆಳೆಯರ ಕಿವಿಗೆ ಬಿತ್ತು. ಒಬ್ಬರು "ಏನ್ ಸರ್, ಬೂರ್ಜ್ವಾ ಆದ್ರಿ?" ಅಂದರು. ಇನ್ನೊಬ್ಬರು "ಇರಲಿ ಬಿಡ್ರಿ, ಫ್ರಾನ್ಸ್ ಅಂದ್ರೆ ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ" ಅಂದರು. ಅವರಿಗೆ ನೆನಪು ಮಾಡಿಕೊಟ್ಟೆ: ಬಾಬಾಸಾಹೇಬರು 1954ರ ಆಕಾಶವಾಣಿ ಭಾಷಣದಲ್ಲಿ ಈ ಮೂರು ಮಾತನ್ನ ತಾವು ಫ್ರೆಂಚ್ ಕ್ರಾಂತಿಯಿಂದ ತಗೊಂಡಿಲ್ಲ, ಬುದ್ಧನಿಂದ ಪಡೆದೆ ಅಂತ ಸ್ಪಷ್ಟವಾಗಿ ಹೇಳಿದ್ದರು. ಹಾಗಾಗಿ ಫ್ರಾನ್ಸಿನ ಹೆಸರು ಹೇಳಿ ಊಟಕ್ಕೆ ಹೋಗೋ ಅಗತ್ಯ ನಮಗಿಲ್ಲ. ಹೋಗೋದಾದ್ರೆ ನಮ್ಮ ಹಕ್ಕಿನ ಮೇಲೇ ಹೋಗ್ತೀವಿ.

ಮೊದಲು ನಮ್ಮ ಕಡೆಯ ಜಾಗಗಳನ್ನೇ ಲೆಕ್ಕ ಹಾಕಿದೆವು. ಗೋಕಾಕ, ಮೂಡಲಗಿ, ಹುಕ್ಕೇರಿ, ಮೂರೂ ತಾಲೂಕು ನಾನು ಸಂಘಟನೆ ಕೆಲಸಕ್ಕೆ ಓಡಾಡಿದವೇ. ಗೋಕಾಕ ಫಾಲ್ಸ್ ನೋಡಾಕ ಬಂದವರು ಕರದಂಟು ಕಟ್ಟಿಸಿಕೊಂಡು ಹೋಗ್ತಾರೆ. ಆದರೆ ಗಂಡ ಹೆಂಡತಿ ಎರಡು ತಾಸು ಕೂತು ಮಾತಾಡಿಕೊಂಡು ಉಣ್ಣೋ ಜಾಗ ಕೇಳಿದ್ರೆ? ಖಾನಾವಳಿಯಲ್ಲಿ ನಮ್ಮ ಬೆನ್ನ ಹಿಂದೆ ಮುಂದಿನ ಪಾಳಿಯವರು ನಿಂತಿರ್ತಾರೆ. ಸಂಕೇಶ್ವರ ಹೆದ್ದಾರಿ ಕಡೆ ಹೋದ್ರೆ ಧಾಬಾ. ಉಳಿದದ್ದು ಬಾರ್ ಅಂಡ್ ರೆಸ್ಟೋರೆಂಟ್. ಅಲ್ಲಿ ಹೆಂಗಸರು ಬಂದ್ರೆ 'ಫ್ಯಾಮಿಲಿ ರೂಮ್' ಅಂತ ಒಂದು ಪರದೆ ಎಳೆದು ಒಳಗೆ ಕೂರಿಸ್ತಾರೆ.

"ಪರದೆ ಹಿಂದ ಕುಂತು ಉಣ್ಣಾಕ ನಾವೇನ ಕದ್ದು ಬಂದೀವೇನ್ರಿ?" ಅಂದಳು ನನ್ನ ಹೆಂಡತಿ.

ಇನ್ನೊಂದು ಮಾತು. ಖಾನಾವಳಿ ಬೋರ್ಡಿನ ಮೇಲೆ ಜಾತಿ ಹೆಸರು ಬರೆಯೋದು ನಮ್ಮ ಕಡೆ ಹೊಸದಲ್ಲ. ಲಿಂಗಾಯತ ಖಾನಾವಳಿ, ಮರಾಠಾ ಖಾನಾವಳಿ. ಅಡುಗೆ ರುಚಿ ಯಾವುದು ಅಂತ ಗಿರಾಕಿಗೆ ತಿಳೀಲಿ ಅಂತ ಬರೀತೀವಿ ಅಂತಾರೆ. ಇರಬಹುದು. ಹಂಗಾದ್ರೆ ಬಸ್ ಸ್ಟ್ಯಾಂಡ್ ಎದುರು 'ಮಾದರ ಖಾನಾವಳಿ' ಅಂತ ಒಂದು ಬೋರ್ಡ್ ಹಾಕಿ ನೋಡ್ರಿ. ನಮ್ಮ ಅಡುಗೆಗೂ ರುಚಿ ಐತಿ. ಆದ್ರೆ ಬೋರ್ಡಿಗೆ ಹೆದರಿ ಗಿರಾಕಿ ಬರಲ್ಲ, ಕಲ್ಲು ಬರಬಹುದು.

ಆಮೇಲೆ ಆಕೆ ಕ್ಯಾಲೆಂಡರಿನ ಹಳೇ ಹಾಳೆ ಹರಿದು, ಅದರ ಹಿಂದೆ ಐದು ಷರತ್ತು ಬರೆದಳು. ಯಾವ ಊರಾದರೂ ಸರಿ, ಯಾವ ಹೋಟೆಲ್ ಆದರೂ ಸರಿ, ಇವು ಇರಬೇಕು.

1. ಪರದೆ ಇರಬಾರದು.
2. ಎಲ್ಲದಕ್ಕೂ ರೇಟು ಬರೆದಿರಬೇಕು.
3. ಏನು ತಿಂತಾ ಇದೀವಿ ಅಂತ ಕಾಣೋವಷ್ಟು ಬೆಳಕು ಇರಬೇಕು.
4. ಕುಡಿಯದೇ ಇದ್ದವರನ್ನ ಕೀಳಾಗಿ ನೋಡಬಾರದು.
5. ಹೆಸರು ಕೇಳಿದ್ರೆ ಪೂರ್ತಿ ಹೆಸರು ಹೇಳ್ತೀನಿ. ಹೇಳಿದ ಮೇಲೆ ಎದುರಿನವರ ಮಾರಿ ಬದಲಾಗಬಾರದು.

ನಾಲ್ಕನೇ ಷರತ್ತು ಹಗುರದ್ದಲ್ಲ. ಆಕೆಯ ತಮ್ಮ ಸಾರಾಯಿ ಪಾಕೀಟು ಕುಡಿದು ಕುಡಿದು ಮೂವತ್ತೆರಡಕ್ಕೆ ಹೋದ. ಮನೆಯೊಳಗೆ ಹೆಣ ಇದ್ದಾಗಲೂ ಹೊರಗೆ ನಿಂತವರು ಒಂದೇ ಮಾತು ಅಂದರು: "ಕುಡಿಯೋದು ಇವರ ಜಾತಿಗೇ ಬಂದದ್ದು." ನಾನು ಕುಡಿಯದೇ ಇರೋದಕ್ಕೆ ಕಾರಣ ಬೇರೆ. 1956ರ ಅಕ್ಟೋಬರಿನಲ್ಲಿ ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಮದ್ಯ ಮುಟ್ಟುವುದಿಲ್ಲ ಅನ್ನೋದೂ ಒಂದು. ಆಕೆಗೆ ಪ್ರತಿಜ್ಞೆ ಬೇಕಾಗಿರಲಿಲ್ಲ, ತಮ್ಮನ ಫೋಟೋ ಸಾಕಾಗಿತ್ತು.

ನಮ್ಮ ಕಡೆ 'ವೈನ್ ಶಾಪ್' ಬೋರ್ಡಿನ ತಮಾಷೆ ನಿಮಗೆ ಗೊತ್ತೇ ಐತಿ. ಒಳಗೆ ವೈನ್ ಒಂದು ಬಿಟ್ಟು ಎಲ್ಲ ಸಿಗುತ್ತೆ. ವಿಸ್ಕಿ, ರಮ್ಮು, 90 ಎಂಎಲ್ ಪಾಕೀಟು. ನಿಜವಾದ ವೈನ್ ಕುಡಿಯೋರು ಬೇರೆ ಜಗತ್ತಿನವರು. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ಬಂದ್ ಆಯ್ತು. ಹೆಂಗಸರು ಬೀದಿಗಿಳಿದು ಕೇಳಿದ್ದ ಬೇಡಿಕೆ ಅದು, ಒಳ್ಳೇದೇ ಆಯ್ತು. ಅದೇ 2007ರಲ್ಲಿ ಸರಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದು ವೈನ್ ಉದ್ಯಮಕ್ಕೆ ಬೆಂಬಲ ಕೊಟ್ಟಿತು. ಒಂದೇ ವರ್ಷ, ಒಂದೇ ಸರಕಾರಿ ಮುದ್ರೆ. ಕೇರಿಯಲ್ಲಿ ಕುಡಿದರೆ ಚಟ, ಮೇಜುಬಟ್ಟೆ ಮೇಲೆ ಕುಡಿದರೆ ಸಂಸ್ಕೃತಿ. ಕುಡೀರಿ ಅಂತ ನಾನು ಹೇಳ್ತಾ ಇಲ್ಲ. ಚಟ ಯಾವುದು, ಸಂಸ್ಕೃತಿ ಯಾವುದು ಅಂತ ತೀರ್ಮಾನ ಮಾಡೋ ಪೆನ್ನು ಯಾರ ಕೈಯಾಗ ಐತಿ ಅಂತ ಕೇಳ್ತಾ ಇದೀನಿ.

ಹಂಗಾದ್ರೆ ಇಂಥ ವೈನಿನ ರೆಸ್ಟೋರೆಂಟೇ ಯಾಕೆ ಆರಿಸಿದ್ರಿ ಅಂತೀರೇನು? ಎರಡನೇ ಷರತ್ತಿನ ಸಲುವಾಗಿ ನಾನು ಒಂದಿಷ್ಟು ಓದಿದೆ. 'ರೆಸ್ಟೋರೆಂಟ್' ಅನ್ನೋ ಶಬ್ದವೇ ಫ್ರೆಂಚರದು. ಹದಿನೆಂಟನೇ ಶತಮಾನದಲ್ಲಿ ಪ್ಯಾರಿಸ್ಸಿನಲ್ಲಿ ದಣಿದವರಿಗೆ, ಬೇನೆಯವರಿಗೆ ಚೇತರಿಕೆ ಕೊಡೋ ಮಾಂಸದ ಸಾರಿಗೆ ಆ ಹೆಸರಿತ್ತು. ಆಮೇಲೆ ಆ ಸಾರು ಮಾರೋ ಜಾಗಕ್ಕೂ ಅದೇ ಹೆಸರಾಯ್ತು. ಅದಕ್ಕೂ ಮುಂಚೆ ಛತ್ರದಂಥ ಕಡೆ ಎಲ್ಲರಿಗೂ ಒಂದೇ ಉದ್ದ ಮೇಜು, ಒಂದೇ ಹೊತ್ತು, ಇಟ್ಟಿದ್ದನ್ನ ತಿನ್ನಬೇಕು. ರೆಸ್ಟೋರೆಂಟ್ ಬಂದ ಮೇಲೆ ಬೇರೆ ಬೇರೆ ಮೇಜು, ಬಂದಾಗ ಊಟ, ಕೈಗೊಂದು ರೇಟಿನ ಪಟ್ಟಿ. ಅಂದ್ರೆ ಮೆನು ಕಾರ್ಡು.

ಮೆನು ಕಾರ್ಡನ್ನ ನೀವು ಸಣ್ಣ ವಸ್ತು ಅನ್ಕೋಬೇಡಿ. ನಮ್ಮಪ್ಪ ಊರ ಹೋಟೆಲಿನಲ್ಲಿ ಎಂದೂ ಏನನ್ನೂ ಆರಿಸಲಿಲ್ಲ. ಹೊರಗೆ ಗೋಡೆಗೂಡಿನಲ್ಲಿ ಕಿವಿ ಮುರಿದ ಒಂದು ಕಪ್ಪು ಇರ್ತಿತ್ತು. ತಾನೇ ತಗೊಂಡು, ತಾನೇ ತೊಳೆದು, ಕೆಳಗೆ ಹಿಡಿದರೆ ಮೇಲಿಂದ ಚಹಾ ಸುರೀತಿದ್ರು. ಕುಡಿದು, ಮತ್ತೆ ತೊಳೆದು, ಅಲ್ಲೇ ಇಡಬೇಕು. ದುಡ್ಡು ಮಾತ್ರ ಎಲ್ಲರಷ್ಟೇ. ಎರಡು ಲೋಟ ಪದ್ಧತಿ ಅಂತ ನಾವು ಭಾಷಣದಲ್ಲಿ ಹೇಳ್ತೀವಲ್ಲ, ಅದು ನಮ್ಮನೆಯಲ್ಲಿ ಭಾಷಣ ಆಗಿರಲಿಲ್ಲ, ದಿನದ ಚಹಾ ಆಗಿತ್ತು.

ಐದನೇ ಷರತ್ತಿಗೆ ಬಂದಾಗ ಮಗಳು ಸ್ವಲ್ಪ ಹಿಂಜರಿದಳು. "ಅವ್ವಾ, ನನ್ನ ಹೆಸರಲ್ಲೇ ಬುಕ್ ಮಾಡ್ತೀನಿ, ಬರೀ ಮೊದಲ ಹೆಸರು ಸಾಕು" ಅಂದಳು. ಆಗ ನಾನು ಇಬ್ಬರಿಗೂ ಬರೋಡಾದ ಕಥೆ ಹೇಳಿದೆ. ಅಮೆರಿಕ, ಇಂಗ್ಲೆಂಡಿನಲ್ಲಿ ಓದಿ 1917ರಲ್ಲಿ ಮರಳಿದ ಬಾಬಾಸಾಹೇಬರಿಗೆ ಬರೋಡಾದಲ್ಲಿ ತಂಗೋಕೆ ಜಾಗ ಸಿಗಲಿಲ್ಲ. ಒಂದು ಪಾರ್ಸಿ ವಸತಿಗೃಹದಲ್ಲಿ ಪಾರ್ಸಿ ಹೆಸರು ಬರೆಸಿ ಉಳಿಯಬೇಕಾಯ್ತು. ಹನ್ನೊಂದನೇ ದಿನ ಬಡಿಗೆ ಹಿಡಿದವರು ಬಂದು ಖಾಲಿ ಮಾಡಿಸಿದರು. 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಅವರೇ ಇದನ್ನ ಬರೆದಿದ್ದಾರೆ. ಅದೇ ಬಾಬಾಸಾಹೇಬರು 1925ರಲ್ಲಿ ನಮ್ಮ ಪಕ್ಕದ ನಿಪ್ಪಾಣಿಗೆ ಬಂದು ಬಹಿಷ್ಕೃತರ ಪರಿಷತ್ತಿನಲ್ಲಿ ಮಾತಾಡಿದ್ದರು.

ಆಕೆ ಸುಮ್ಮನೆ ಕೇಳಿದಳು. "ಅವ್ರಿಗೇ ಬ್ಯಾರೆ ಹೆಸರು ಹೇಳೋ ಹೊತ್ತು ಬಂತು. ನೂರು ವರ್ಷ ಆತು. ಫೋನ್ ಕೊಡ್ರಿ ಇಲ್ಲಿ" ಅಂದಳು.

ತಾನೇ ಫೋನ್ ಮಾಡಿದಳು. ಆ ಕಡೆ ಹುಡುಗ ಯಾರ ಹೆಸರಲ್ಲಿ ಅಂತ ಕೇಳಿದ. ತನ್ನ ಹೆಸರು ಹೇಳಿ, ಸ್ವಲ್ಪ ತಡೆದು, ಗಟ್ಟಿಯಾಗಿ "ಮಾದರ" ಅಂದಳು. ಅವನಿಗೆ ಕೇಳಿಸಲಿಲ್ಲವೋ ಏನೋ, ಸ್ಪೆಲ್ಲಿಂಗ್ ಕೇಳಿದ. "ಎಂ, ಎ, ಡಿ, ಎ, ಆರ್, ಎ." ಆರೂ ಅಕ್ಷರ ಒಂದೊಂದಾಗಿ ಹೇಳಿದಳು. ಅವನು "ಎಷ್ಟು ಜನ ಮೇಡಂ?" ಅಂದ. ಅಷ್ಟೇ. ಫೋನ್ ಇಟ್ಟ ಮೇಲೆ ಆಕೆ ಎಷ್ಟೋ ಹೊತ್ತು ಮಾತಾಡಲಿಲ್ಲ.

ಘಟಪ್ರಭಾ ಸ್ಟೇಷನ್ನಿಂದ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿದೆವು. ಮರುದಿನ ಸಂಜೆ ಆ ರೆಸ್ಟೋರೆಂಟ್. ಆಕೆ ಇಳಕಲ್ ಸೀರೆ, ನಾನು ಇಸ್ತ್ರಿ ಮಾಡಿದ ನೀಲಿ ಶರ್ಟು. ಕಿಟಕಿ ಪಕ್ಕದ ಮೇಜು, ಪರದೆ ಇಲ್ಲ. ಮೇಜಿನ ಮೇಲೆ ಒಬ್ಬೊಬ್ಬರಿಗೆ ಮೂರು ಮೂರು ಗ್ಲಾಸು. ಆಕೆ ನನ್ನ ಕಡೆ ಬಗ್ಗಿ, "ಎರಡು ಲೋಟ ಪದ್ಧತಿ ಕೇಳೇನಿ, ಇದ್ಯಾವುದ್ರಿ ಮೂರು ಲೋಟ ಪದ್ಧತಿ?" ಅಂದಳು. ನಗು ತಡೆಯೋಕಾಗಲಿಲ್ಲ. ಬಂದ ಹುಡುಗ ವಿವರಿಸಿದ: ದೊಡ್ಡ ಹೊಟ್ಟೆಯದು ಕೆಂಪು ವೈನಿಗೆ, ಸಣ್ಣದು ಬಿಳಿಗೆ, ಇನ್ನೊಂದು ನೀರಿಗೆ. ಇಲ್ಲಿ ಲೋಟ ಬೇರೆ ಆಗೋದು ದ್ರಾಕ್ಷಿ ನೋಡಿ, ಕುಡಿಯೋನನ್ನ ನೋಡಿ ಅಲ್ಲ.

ನಾವು ಕುಡಿಯೋದಿಲ್ಲ ಅಂದೆವು. ಅವನು ಗೊಣಗದೆ ವೈನ್ ಗ್ಲಾಸು ತೆಗೆದು ನಿಂಬೆ ಸೋಡಾ ತಂದ. ನಾಲ್ಕನೇ ಷರತ್ತು ಪಾಸ್. ಇಲ್ಲೊಂದು ಉಪಯೋಗದ ಮಾತು: ಫ್ರೆಂಚ್ ಅಡುಗೆಯಲ್ಲಿ ಎಷ್ಟೋ ಪದಾರ್ಥ ವೈನಿನಲ್ಲೇ ಬೇಯುತ್ತವೆ, ಕೋಳಿ ಸಹಿತ. ಬೇಡದವರು ಮೊದಲೇ ಕೇಳಬೇಕು. ನಾವು ಕೇಳಿ ಉಳ್ಳಾಗಡ್ಡಿ ಸೂಪು, ಹುರಿದ ಕೋಳಿ ತಗೊಂಡೆವು. ಸೂಪಿನ ಮೇಲೆ ಚೀಸ್ ಕರಗಿಸಿದ ಬ್ರೆಡ್ಡು. "ಚಲೋ ಐತಿ, ಖಾರ ಒಂದು ಇಲ್ಲ" ಅಂದಳು. ಕಾರ್ಡಿನಲ್ಲಿ ಕೆಂಪು ವೈನಿನಲ್ಲಿ ಬೇಯಿಸಿದ ದನದ ಮಾಂಸವೂ ಇತ್ತು, ಬೋರ್ಗಿನ್ಯೋನ್ ಅಂತ ಹೆಸರು. ಕೇರಿಯಲ್ಲಿ ಬೇಯಿಸಿದರೆ ವಾಸನೆ, ಫ್ರೆಂಚ್ ಹೆಸರಲ್ಲಿ ಬೇಯಿಸಿದರೆ ಪರಿಮಳ.

ವೈನ್ ಪಟ್ಟಿಯಲ್ಲಿ ಫ್ರಾನ್ಸಿನ ಜೊತೆಗೆ ನಂದಿಬೆಟ್ಟದ ಕಡೆಯ ವೈನೂ ಇತ್ತು. ವಿಜಯಪುರ, ಅಥಣಿ ಕಡೆಯ ದ್ರಾಕ್ಷಿ ಬಹಳಷ್ಟು ಒಣದ್ರಾಕ್ಷಿ ಆಗುತ್ತೆ. ಆಕೆಯ ತವರಿನವರು ಚಾಟ್ನಿ ಕೆಲಸಕ್ಕೆ ಅಥಣಿ ತೋಟಗಳಿಗೆ ಹೋಗ್ತಾರೆ. ಬಳ್ಳಿ ಕತ್ತರಿಸೋ ಕೈಗೆ ಗ್ಲಾಸಿನ ರೇಟು ಗೊತ್ತಿಲ್ಲ. ಒಂದು ಗ್ಲಾಸಿಗೆ ಐನೂರರ ಮೇಲೆ.

ಎದ್ದು ಹೊರಡೋ ಮುಂಚೆ ಆಕೆ ಆ ಹುಡುಗನ್ನ ಕೇಳಿದಳು, "ಇಷ್ಟೊಂದು ಗ್ಲಾಸು ಯಾರಪ್ಪಾ ತೊಳೀತಾರೆ?" "ಮಷೀನ್ ಮೇಡಂ" ಅಂದ. "ಎಲ್ಲಾರದೂ ಒಂದ ಮಷೀನಿನ್ಯಾಗ?" "ಹೌದು ಮೇಡಂ, ಎಲ್ಲ ಒಟ್ಟಿಗೆ." ಅವನಿಗೆ ಆ ಪ್ರಶ್ನೆ ಯಾಕೆ ಅಂತ ತಿಳಿಯಲಿಲ್ಲ. ನನಗೆ ಗೋಡೆಗೂಡಿನ ಕಪ್ಪು ಕಣ್ಣ ಮುಂದೆ ಬಂತು.

ಇದನ್ನ ಸಮಾನತೆ ಅಂತ ನಾನು ಹೇಳಲ್ಲ. ಅಲ್ಲಿ ಬಾಗಿಲು ಕಾಯೋನು ಜಾತಿ ಅಲ್ಲ, ದುಡ್ಡು. ಒಬ್ಬ ಕ್ಲಾರ್ಕು ಮಗಳ ಸಹಾಯದಿಂದ 25 ವರ್ಷಕ್ಕೊಮ್ಮೆ ದಾಟಬಹುದಾದ ಬಾಗಿಲು ಅದು. ಆದರೆ ಹಕ್ಕು ಬರೆದಿರೋದು ಅಲ್ಲಿಗಷ್ಟೇ ಅಲ್ಲ. ಸಂವಿಧಾನದ 15(2)ನೇ ವಿಧಿ ತೆಗೆದು ನೋಡ್ರಿ. ಬಾವಿ, ಕೆರೆ, ರಸ್ತೆಗಿಂತ ಮೊದಲು ಬರೆದಿರೋದು ಅಂಗಡಿ, ಸಾರ್ವಜನಿಕ ರೆಸ್ಟೋರೆಂಟ್, ಹೋಟೆಲು, ಮನರಂಜನೆಯ ಜಾಗ. 1955ರ ಕಾಯ್ದೆ, ಈಗ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಅಂತ ಕರೆಯೋದು, ಹೋಟೆಲಿನ ಪಾತ್ರೆ ಬಳಸೋಕೆ ಬಿಡದೇ ಇರೋದನ್ನೂ ಅಪರಾಧ ಅಂತ ನಾಲ್ಕನೇ ಸೆಕ್ಷನ್ನಿನಲ್ಲಿ ಹೇಳುತ್ತೆ. ಶಿಕ್ಷೆ ಒಂದರಿಂದ ಆರು ತಿಂಗಳು ಜೈಲು, ಜೊತೆಗೆ ನೂರರಿಂದ ಐನೂರು ರೂಪಾಯಿ ದಂಡ. ಲೋಟ ಬೇರೆ ಇಟ್ಟದ್ದಕ್ಕೆ ಆ ಕಾಯ್ದೆಯ ಗರಿಷ್ಠ ದಂಡದಲ್ಲಿ ಆ ಮೇಜಿನ ಮೇಲೆ ಒಂದು ಗ್ಲಾಸ್ ವೈನೂ ಬರಲ್ಲ.

'ಊಟಕ್ಕೆ ಹೋಗೋದು ಹೋರಾಟವೇ?' ಅನ್ನೋ ಗೆಳೆಯರಿಗೆ ಇಷ್ಟೇ ಹೇಳೋದು. ಕೆರೆ ನೀರು ಮುಟ್ಟೋಕೆ 1927ರಲ್ಲಿ ಮಹಾಡಕ್ಕೆ ಹೋದವರು ಬಾಯಾರಿ ಹೋದವರಲ್ಲ. ನಮ್ಮ ಜನ ಬರೀ ಹೊಟ್ಟೆ ತುಂಬಿಸಿಕೊಳ್ಳೋಕೆ ಹುಟ್ಟಿದವರೂ ಅಲ್ಲ. ಆರಿಸೋದು, ನಿಧಾನಕ್ಕೆ ಕೂರೋದು, ಸಂಗಾತಿಯ ಮುಖ ನೋಡಿ ನಗೋದು, ಇದೂ ನಮ್ಮಿಂದ ಕಸಿದುಕೊಂಡ ಪಾಲೇ.

ಆಕೆಯ ಮಾತು ಮಾತ್ರ ಇನ್ನೂ ಖಡಕ್: "ಬೆಂಗಳೂರಾಗ ಹೆಸರು ಹೇಳೋದು ಸುಲಭ, ಅಲ್ಲಿ ಯಾರಿಗೂ ಅದರ ಅರ್ಥ ತಿಳಿಯಂಗಿಲ್ಲ. ಅರ್ಥ ತಿಳಿಯೋ ಊರಾಗ ಹೇಳಬೇಕು." ಅದಕ್ಕೇ ಮುಂದಿನ ತಿಂಗಳು ಗೋಕಾಕದಲ್ಲೇ ಒಂದು ಊಟ. ಐದೂ ಷರತ್ತಿನ ಹಾಳೆ ಆಕೆಯ ಚೀಲದಲ್ಲೈತಿ. ಪರದೆ ಹೊರಗಿನ ಮೇಜು, ಪೂರ್ತಿ ಹೆಸರಲ್ಲಿ.

ಮೂಡಲಗಿ, ಹುಕ್ಕೇರಿ, ಗೋಕಾಕದ ಗೆಳೆಯರೇ, ನೀವೂ ನಿಮ್ಮ ಸಂಗಾತಿಯನ್ನ ಕೇಳಿ, ಅವರ ಷರತ್ತು ಏನು ಅಂತ. ಹೋಗಿ, ಹೊರಗೆ ಕೂರಿ, ಹೆಸರು ಗಟ್ಟಿಯಾಗಿ ಹೇಳಿ. ಯಾವ ಊರಲ್ಲಿ ಮಾರಿ ಬದಲಾಗಲಿಲ್ಲ, ಯಾವ ಊರಲ್ಲಿ ಬದಲಾಯ್ತು, ಎರಡನ್ನೂ ಕೆಳಗೆ ಬರೀರಿ. ಒಂದು ಪಟ್ಟಿ ಮಾಡೋಣ.

ಜೈ ಭೀಮ್.