ಹಳೆಯ ಕಾರು, ಹಳೆಯ ಅಳತೆ

ಬ್ರಿಟನ್ನಿನಲ್ಲಿ ತಯಾರಾದ ಹಳೆಯ ಕಾರನ್ನು ಕೊಂಡವನಿಗೆ ನೋಂದಣಿ ಪತ್ರವೂ ಕೀಲಿಕೈಯೂ ಒಂದೇ ದಿನ ದೊರೆಯುತ್ತವೆ. ಆದರೆ ಆ ಯಂತ್ರದ ಪರಿಚಯ ಆರಂಭವಾಗುವುದು ಮೊದಲ ಬೋಲ್ಟನ್ನು ಬಿಚ್ಚಲು ಕುಳಿತಾಗ. 13 ಮಿಲಿಮೀಟರಿನ ಸ್ಪ್ಯಾನರು ಅದರ ತಲೆಗೆ ಕೂರುವುದಿಲ್ಲ, 14ರದು ಜಾರುತ್ತದೆ. ‘1/4’ ಎಂದು ಕೆತ್ತಿದ ವಿಟ್‌ವರ್ತ್ ಸ್ಪ್ಯಾನರು ಮಾತ್ರ ಸರಿಯಾಗಿ ಹಿಡಿಯುತ್ತದೆ. ಅದರ ಬಾಯಿಯನ್ನು ಅಳೆದರೆ 0.525 ಇಂಚು, ಅಂದರೆ ಕಾಲಿಂಚಿನ ಎರಡರಷ್ಟಕ್ಕಿಂತಲೂ ಹೆಚ್ಚು! ಹೊಸಬನು ಇದನ್ನು ತಪ್ಪೆಂದು ಭಾವಿಸುವುದು ಸಹಜ. ಕೆತ್ತಿದ ಅಂಕೆ ಬೋಲ್ಟಿನ ದಂಡದ ವ್ಯಾಸವೇ ಹೊರತು ತಲೆಯ ಅಗಲವಲ್ಲ ಎಂಬುದು ತಿಳಿದ ಮೇಲೆ ಗೊಂದಲ ಕರಗುತ್ತದೆ.

ಈ ಅಳತೆಯ ಕರ್ತೃ ಜೋಸೆಫ್ ವಿಟ್‌ವರ್ತ್. 1803ರಲ್ಲಿ ಸ್ಟಾಕ್‌ಪೋರ್ಟಿನಲ್ಲಿ ಹುಟ್ಟಿದ ಆತ 1833ರಲ್ಲಿ ಮ್ಯಾಂಚೆಸ್ಟರಿನಲ್ಲಿ ಸ್ವಂತ ಕಾರ್ಖಾನೆ ತೆರೆದನು. ಆಗ ಪ್ರತಿ ಕಾರ್ಖಾನೆಯ ತಿರುಪೂ ಬೇರೆ; ಒಂದೆಡೆಯ ನಟ್ಟು ಮತ್ತೊಂದೆಡೆಯ ಬೋಲ್ಟಿಗೆ ಹೊಂದುತ್ತಿರಲಿಲ್ಲ. ವಿಟ್‌ವರ್ತ್ ಅನೇಕ ಕಾರ್ಖಾನೆಗಳ ಬೋಲ್ಟುಗಳನ್ನು ಸಂಗ್ರಹಿಸಿ, ಅಳೆದು, ಸರಾಸರಿ ತೆಗೆದು, 1841ರಲ್ಲಿ ಸಿವಿಲ್ ಎಂಜಿನಿಯರುಗಳ ಸಂಸ್ಥೆಯ ಮುಂದೆ ತನ್ನ ಸೂಚನೆಯನ್ನು ಮಂಡಿಸಿದನು. ಸುತ್ತಿನ ಕೋನ 55 ಡಿಗ್ರಿ. ಪ್ರತಿಯೊಂದು ವ್ಯಾಸಕ್ಕೂ ಇಂಚಿಗೆ ಇಂತಿಷ್ಟೇ ಸುತ್ತು. ಇದು ಯಾವ ಸರ್ಕಾರದ ಆಜ್ಞೆಯೂ ಆಗಿರಲಿಲ್ಲ. ಬಳಕೆಯಲ್ಲಿದ್ದ ರೂಢಿಯನ್ನೇ ಸೋಸಿ ನಿಯಮವನ್ನಾಗಿಸಿದ ಕೆಲಸ. ವಾಡಿಕೆಯು ನ್ಯಾಯಾಲಯದಲ್ಲಿ ಮನ್ನಣೆ ಪಡೆದು ಕಾನೂನಾಗುವ ಬಗೆಯನ್ನು ಬಲ್ಲವರಿಗೆ ಈ ದಾರಿ ಅಪರಿಚಿತವೆನಿಸದು.

ಸದಾ ಅದುರುವ ಯಂತ್ರಗಳಿಗೆ ಒರಟು ಸುತ್ತು ಸಾಲದಾದಾಗ, ಅದೇ ಕೋನದ ಸೂಕ್ಷ್ಮ ಸುತ್ತು ಬಿ.ಎಸ್.ಎಫ್. ಎಂಬ ಹೆಸರಿನಿಂದ ಬಂದಿತು. ಕಾಲಿಂಚಿನ ಬೋಲ್ಟಿಗೆ ವಿಟ್‌ವರ್ತ್‌ನಲ್ಲಿ ಇಂಚಿಗೆ 20 ಸುತ್ತಾದರೆ ಇದರಲ್ಲಿ 26. ಮಾರಿಸ್ ಎಂಜಿನ್‌ಗಳ ಕಥೆ ಇನ್ನೂ ವಿಚಿತ್ರ. ಅವುಗಳನ್ನು ತಯಾರಿಸುತ್ತಿದ್ದ ಕವೆಂಟ್ರಿಯ ಹಾಚ್‌ಕಿಸ್ ಕಾರ್ಖಾನೆ ಮೂಲತಃ ಫ್ರೆಂಚರದು. ಅದರ ಯಂತ್ರಗಳು ಮೆಟ್ರಿಕ್ ಸುತ್ತನ್ನೇ ಕೊರೆಯುತ್ತಿದ್ದವು. ಬ್ರಿಟಿಷ್ ಮೆಕ್ಯಾನಿಕ್‌ಗಳ ಬಳಿಯಿದ್ದುದು ವಿಟ್‌ವರ್ತ್ ಸ್ಪ್ಯಾನರು. ಆದುದರಿಂದ ಬೋಲ್ಟಿನ ದಂಡಕ್ಕೆ ಫ್ರೆಂಚ್ ಸುತ್ತು, ತಲೆಗೆ ಇಂಗ್ಲಿಷ್ ಅಳತೆ! 1923ರಲ್ಲಿ ಮಾರಿಸ್ ಆ ಕಾರ್ಖಾನೆಯನ್ನು ಕೊಂಡ ಬಳಿಕವೂ ಇದು ಮುಂದುವರಿದು, 1950ರ ದಶಕದ ಎಂ.ಜಿ. ಕಾರುಗಳವರೆಗೆ ಉಳಿಯಿತು.

ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ 60 ಡಿಗ್ರಿಯ ಬಿಡಿಭಾಗಗಳೂ ಬ್ರಿಟನ್ನಿನ 55 ಡಿಗ್ರಿಯವೂ ಪರಸ್ಪರ ಹೊಂದದೆ ತೊಂದರೆಯಾಯಿತು. 1948ರ ನವೆಂಬರಿನಲ್ಲಿ ಬ್ರಿಟನ್, ಅಮೆರಿಕ, ಕೆನಡಾ ಏಕೀಕೃತ ಸುತ್ತಿಗೆ ಒಪ್ಪಿದವು. ಸಂಧಿಕಾಲದ ಕಾರುಗಳಲ್ಲಿ ಹಳತೂ ಹೊಸತೂ ಒಟ್ಟಿಗಿರುವುದುಂಟು, ಅಪಾಯವಿರುವುದು ಅಲ್ಲಿಯೇ. ಏಕೀಕೃತ ಪದ್ಧತಿಯ ಸೂಕ್ಷ್ಮ ಸುತ್ತಿನ ಕಾಲಿಂಚಿನ ಬೋಲ್ಟಿಗೆ ಇಂಚಿಗೆ 28 ಸುತ್ತು. ಅದನ್ನು 26 ಸುತ್ತಿನ ರಂಧ್ರಕ್ಕೆ ಕೊಟ್ಟರೆ ಆರಂಭದಲ್ಲಿ ಒಳಸೇರುತ್ತದೆ, ಆಮೇಲೆ ಬಿಗಿಯುತ್ತದೆ. ಬಲ ಹಾಕಿದರೆ ರಂಧ್ರದ ಸುತ್ತೇ ಹರಿದುಹೋಗುತ್ತದೆ. ಇನ್ನೂ ವಂಚಕವಾದುದು 5/16 ಇಂಚಿನ ಒರಟು ಸುತ್ತು. ಎರಡು ಪದ್ಧತಿಗಳಲ್ಲಿಯೂ ಅದು 18 ಆಗಿರುವುದರಿಂದ ಬೋಲ್ಟು ಪೂರ್ತಿ ಕೂರಬಹುದು, ಆದರೆ ಕೋನ ಬೇರೆಯಾಗಿರುವುದರಿಂದ ಹಿಡಿತ ಪೂರ್ಣವಲ್ಲ. ಬ್ರೇಕು, ಸ್ಟಿಯರಿಂಗುಗಳ ವಿಷಯದಲ್ಲಿ ಇಂಥ ಸಡಿಲಿಕೆ ಪ್ರಾಣಕ್ಕೆ ಸಂಬಂಧಿಸಿದ್ದು. ಬ್ರಿಟನ್ನಿನ ಏಕೀಕೃತ ಬೋಲ್ಟುಗಳ ತಲೆಯ ಮೇಲೆ ದುಂಡನೆಯ ತಗ್ಗನ್ನೋ ಪಕ್ಕದಲ್ಲಿ ಸಾಲುವೃತ್ತಗಳನ್ನೋ ಗುರುತಾಗಿ ಹಾಕುತ್ತಿದ್ದರು. ಗುರುತಿಲ್ಲದಿದ್ದರೆ ಥ್ರೆಡ್ ಗೇಜಿನಿಂದ ಅಳೆದೇ ಮುಂದುವರಿಯಬೇಕು.

ಮಾರಿಸ್ ಆಕ್ಸ್‌ಫರ್ಡ್‌ನ ಮೂರನೆಯ ಸರಣಿಯಿಂದ ರೂಪುಗೊಂಡು 2014ರವರೆಗೆ ತಯಾರಾದ ಅಂಬಾಸಿಡರಿನ ಮೂಲಕ ಇಂಚಿನ ಲೆಕ್ಕ ನಮ್ಮ ಗ್ಯಾರೇಜುಗಳಲ್ಲಿಯೂ ಬಹುಕಾಲ ಬಾಳಿತು. ಅದನ್ನು ಕೈಯಿಂದಲೇ ಗುರುತಿಸುತ್ತಿದ್ದ ಮೇಸ್ತ್ರಿಗಳು ಈಗ ವಿರಳ. ಕಾರು ಕೈಬದಲಾದಾಗ ಕಾಗದಪತ್ರಗಳಲ್ಲಿ ಹೆಸರು ಬದಲಾಗುತ್ತದೆ. ಯಾವ ರಂಧ್ರಕ್ಕೆ ಯಾವ ಬೋಲ್ಟು, ಎಲ್ಲಿ ಹಳೆಯ ಸುತ್ತನ್ನು ಕೊರೆದು ಹೊಸದನ್ನು ಹಾಕಲಾಗಿದೆ ಎಂಬುದನ್ನು ಯಾವ ಕಾಗದವೂ ಹೇಳುವುದಿಲ್ಲ. ಅದನ್ನು ಒಡೆಯನೇ ಪುಸ್ತಕದಲ್ಲಿ ಬರೆದಿಟ್ಟು, ಕೀಲಿಕೈಯೊಡನೆ ಮುಂದಿನವನಿಗೆ ಒಪ್ಪಿಸಬೇಕು. ಕಾನೂನು ಇದನ್ನು ಕಡ್ಡಾಯಗೊಳಿಸದಿರಬಹುದು. ಮುಂದೆ ಆ ಕಾರಿನಲ್ಲಿ ಕೂರುವವರ ಜೀವ ಅದನ್ನು ಬೇಡುತ್ತದೆ.