ಚೆಂಡು ಬಡಿದ್ರೂ ಸ್ಟ್ರೈಕ್

ಈಗಷ್ಟೇ ಜಹೀರಾಬಾದಿನಾಗ ಹುಡುಗಿಯರ ಸಾಫ್ಟ್‌ಬಾಲ್ ನೋಡಿ ಬಂದೆ. ಚೆಂಡು ಬ್ಯಾಟರ್ ಬೆರಳಿಗೆ ಫಟ್ ಅಂತ ಬಡೀತು. ಆಕಿ ಕೈ ಜಾಡಿಸ್ಕೋತ ಫಸ್ಟ್ ಬೇಸ್ ಕಡೆ ಹೊಂಟ್ಲು. ಅಂಪೈರ್ ತಡೆದು "ಡೆಡ್ ಬಾಲ್, ಸ್ಟ್ರೈಕ್" ಅಂದ್ರು. ಸುತ್ತ ನಿಂತವರೆಲ್ಲ ಅನ್ಯಾಯ ಅಂತ ಕೂಗಿದ್ರು.

ಆದ್ರ ಅಂಪೈರ್ ಹೇಳಿದ್ದೇ ಖರೆ. ಆಕಿ ಬ್ಯಾಟ್ ಬೀಸಿದ್ಲು. ಬೀಸಿದಾಗ ಚೆಂಡು ಮೈಗೆ ಬಡಿದ್ರ ಅದು ಸ್ಟ್ರೈಕೇ, ಮೂರನೇದಾಗಿದ್ರ ಔಟ್. ನಾವೆಲ್ಲ ಕ್ರಿಕೆಟ್ ನೋಡಿ ಬೆಳೆದವ್ರು. ಅಲ್ಲಿ ಬ್ಯಾಟ್ ಹಿಡಿದ ಗ್ಲೌಸ್ ಬ್ಯಾಟಿನ ಲೆಕ್ಕಕ್ಕೇ ಸೇರ್ತದ. ಸಾಫ್ಟ್‌ಬಾಲ್‌ನಾಗ ಕೈ ಅಂದ್ರ ಮೈ, ಬ್ಯಾಟ್ ಅಲ್ಲ.

ಬೀಸದೇ ನಿಂತಾಗ, ಸ್ಟ್ರೈಕ್ ಝೋನ್ ಹೊರಗಿನ ಚೆಂಡು ಬಡಿದ್ರ ಫಸ್ಟ್ ಬೇಸ್ ಸಿಗ್ತದ. ಬೇಕಂತ ಮೈ ಒಡ್ಡಿದ್ರ ಸಿಗಲ್ಲ. ದೊಡ್ಡ ಹೆಣ್ಮಕ್ಕಳ ಆಟದಾಗ ಪಿಚರ್ ನಿಲ್ಲೋದು ಬರೇ 43 ಅಡಿ ದೂರ. ಅಷ್ಟರೊಳಗ ಬೀಸಿದ್ಲಾ, ತಪ್ಪಿಸ್ಕೊಂಡ್ಲಾ, ಚೆಂಡು ಎಲ್ಲಿತ್ತು, ಎಲ್ಲಾ ಒಂದೇ ನೋಟಕ್ಕ ಹಿಡೀಬೇಕು. ಆ ಅಂಪೈರ್ ಬಗ್ಗೆ ನನಗ ಭಾಳ ಗೌರವ ಬಂತು.

ತಾಂಡೂರು, ನಾರಾಯಣಖೇಡ ಕಡೆ ಪಿಟಿ ಮಾಸ್ತರು ಯಾರರೆ ಇದ್ರ ಹೇಳ್ರಿ, ಮಕ್ಕಳಿಗೆ ಈ ನಿಯಮ ಮ್ಯಾಚಿಗೆ ಮೊದಲೇ ತಿಳಿಸ್ತೀರೇನು?