ತಡಿಕೆ ಗೋಡೆ

ಪಿರಿಯಾಪಟ್ಟಣದ ಕಡೆಯ ನಮ್ಮ ಹಳೇ ಮನೆಗೆ ಬಿದಿರಿನ ತಡಿಕೆಗೆ ಮಣ್ಣು ಮೆತ್ತಿದ ಗೋಡೆ. ಮಣ್ಣು ಉದುರಿದಾಗ ಅವ್ವ ಮತ್ತೆ ಮೆತ್ತುತ್ತಿದ್ದಳು. ತಡಿಕೆ ಗಟ್ಟಿಯಿದ್ದುದರಿಂದ ಗೋಡೆ ನಿಂತಿತ್ತು.

ಹೋದ ವರ್ಷ ಮಲದಲ್ಲಿ ರಕ್ತ ಕಂಡಾಗ ಮೂಲವ್ಯಾಧಿಯಿರಬೇಕೆಂದು ಆರು ತಿಂಗಳು ಮುಚ್ಚಿಟ್ಟೆ. ಕೊನೆಗೆ ಮೈಸೂರಿನ ವೈದ್ಯರು ಕೊಲೊನೋಸ್ಕೋಪಿ ಮಾಡಿ, ‘ದೊಡ್ಡ ಕರುಳಿನ ಉರಿಯೂತ, ಅಲ್ಸರೇಟಿವ್ ಕೊಲೈಟಿಸ್’ ಎಂದರು. ವಿಜ್ಞಾನದ ಮೇಷ್ಟ್ರಾದ ನನಗೆ ನಾಚಿಕೆಯಾಯಿತು.

ಕರುಳಿನ ಒಳಪದರ ಒಂದೇ ಸಾಲು ಜೀವಕೋಶಗಳದು. ಪ್ರತಿ ಕೋಶದೊಳಗೂ ಕೆರಾಟಿನ್ ಎಂಬ ಪ್ರೋಟೀನಿನ ಎಳೆಗಳ ತಡಿಕೆಯಿದೆ. ಪಕ್ಕದ ಕೋಶದೊಡನೆ ಇರುವ ಬೆಸುಗೆಗೆ ಅದು ಬಿಗಿದುಕೊಂಡಿರುತ್ತದೆ. ಕೆರಾಟಿನ್ 8 ಇಲ್ಲದಂತೆ ಹುಟ್ಟಿಸಿದ ಇಲಿಗಳ ದೊಡ್ಡ ಕರುಳಿನಲ್ಲಿ ಉರಿಯೂತ ಕಾಣಿಸಿಕೊಂಡದ್ದು 1994ರಲ್ಲೇ ವರದಿಯಾಗಿತ್ತು.

ಗುಳಿಗೆಯಿಂದ ರಕ್ತ ನಿಂತಿದೆ. ಈಗ ಜೀವಕೋಶದ ಪಾಠದಲ್ಲಿ ತಡಿಕೆಯನ್ನೂ ಬರೆಯುತ್ತೇನೆ. ‘ರಕ್ತ ಕಂಡರೆ ಮುಚ್ಚಿಡಬೇಡಿ’ ಎಂದು ಮಕ್ಕಳ ಕೈಲಿ ಮನೆಗೂ ಹೇಳಿ ಕಳಿಸುತ್ತೇನೆ.